ಬೂದಿ ಹಾಕಿ ತಿಕ್ಕಿದ ದುರ್ಬೀನು

ಆ ಕಡೆಗೆ ಇನ್ನೂ ಮೋಟಾರು ಬಾರದಿದ್ದ ಕಾಲ. ಹೊಲ ಅಳೆಯುವ ಕೆಲಸಕ್ಕೆಂದು ದೇವಸಮುದ್ರಕ್ಕೆ ಹೋಗಿ ಗೌಡರ ಮನೆಯಲ್ಲಿ ಇಳಿದಿದ್ದೆ. ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ನನ್ನ ಹಿತ್ತಾಳೆ ದುರ್ಬೀನು ನಿಲ್ಲಿಸಿ, ಗೌಡರ ತಾಯಿ ತಿಮ್ಮಜ್ಜಿಗೆ ಆಕಾಶದ ಒಂದು ಮಸುಕು ಚುಕ್ಕೆ ತೋರಿಸಿದೆ.

"ಗಾಜಿಗೆ ಕಲೆ ಆಗೈತೆ ಸಾಮಿ," ಅಂದಳು.

ಕಲೆಯಲ್ಲ, ಅದು ಲೆಕ್ಕವಿಲ್ಲದಷ್ಟು ನಕ್ಷತ್ರಗಳ ಗುಂಪು, ನಾವಿರುವುದೂ ಅಂಥದೇ ಒಂದು ಗುಂಪಿನಲ್ಲಿ, ಹೊರಗೆ ಅಂಥವು ಇನ್ನೂ ಎಷ್ಟೋ ಇರಬಹುದೆಂದು ಕೆಲವು ಪಂಡಿತರ ಊಹೆ ಎಂದು ಗಂಟಲು ಒಣಗುವವರೆಗೆ ಹೇಳಿದೆ. ಅಜ್ಜಿ ಹೂಂ ಅಂದಳು. ಆ ಹೂಂ ನಂಬಿ ಮಲಗಿದೆ.

ಮರುದಿನ ಹೊಲದಿಂದ ಬರುವಷ್ಟರಲ್ಲಿ ಮನೆಯ ಚೊಂಬು, ತಟ್ಟೆಗಳ ಜೊತೆ ನನ್ನ ದುರ್ಬೀನೂ ಬಿಸಿಲಿಗೆ ಒಣಗುತ್ತಿತ್ತು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದಳು, ಗಾಜನ್ನೂ ಬಿಡದೆ. ಹಿತ್ತಾಳೆ ಬಂಗಾರದಂತೆ ಹೊಳೆಯುತ್ತಿತ್ತು. ಗಾಜಿನ ತುಂಬ ಗೀರು.

ರಾತ್ರಿ ನೋಡಿದರೆ ಒಂದೊಂದು ನಕ್ಷತ್ರವೂ ಹಿಂದಿನ ದಿನದ ಆ ಚುಕ್ಕೆಯಂತೆಯೇ ಮಸುಕು. ನಾನು ಹಣೆ ಚಚ್ಚಿಕೊಳ್ಳುತ್ತಿದ್ದರೆ ಅಜ್ಜಿ ಕಣ್ಣಿಟ್ಟು ನೋಡಿ, "ನೀವ್ ಹೇಳಿದ್ದೇ ನಿಜ ಸಾಮಿ. ಒಂದಲ್ಲ, ಬಾಳ ಅವೆ," ಅಂದಳು.

ಮುಂದೆ ಪಂಡಿತರೂ ಅದನ್ನೇ ಹೇಳಿದರು. ಅವರ ಗಾಜನ್ನು ಮಾತ್ರ ಯಾರೂ ತಿಕ್ಕಿರಲಿಲ್ಲ.