ಎಪ್ಪತ್ತು ದಾಟಿದವರು ಎರಡು, ವೃದ್ಧೆಯರು ಒಂದು

ನರಗುಂದದಲ್ಲಿ ಬಸ್ಸಿಳಿದು ಇನ್ನೂ ಒಂದು ತಾಸು ಆಗಿರಲಿಲ್ಲ, ನಾನು ಕೈಯಲ್ಲಿ ತೆಂಗಿನಕಾಯಿ ಹಿಡಿದು ಒಂದು ಮಠದ ಅಂಗಳದಲ್ಲಿ ನಿಂತಿದ್ದೆ. ದಾರಿಯಲ್ಲಿ ಸಿಕ್ಕವರನ್ನು ನಾನು ಕೇಳಿದ್ದು ಇಷ್ಟೇ: ಈ ಊರಿನ ಅಜ್ಜಂದಿರನ್ನು ಕಾಣಬೇಕಿತ್ತು. ಮೈಸೂರಿನ ನಾವು ತಾತ ಎನ್ನುವವರನ್ನು ಇಲ್ಲಿ ಅಜ್ಜ ಎನ್ನುತ್ತಾರೆಂದು ಹೇಳಿಕೊಟ್ಟವರು ಅರ್ಧ ಮಾತ್ರ ಹೇಳಿಕೊಟ್ಟಿದ್ದರು. ಇಲ್ಲಿ ‘ಅಜ್ಜಾರು’ ಎಂದರೆ ಮಠದ ಸ್ವಾಮಿಗಳು. ದಾರಿಯಲ್ಲಿ ಸಿಕ್ಕ ಆ ಪುಣ್ಯಾತ್ಮರು ಕಾಯಿ ಕೊಡಿಸಿ ನನ್ನನ್ನು ಮಠಕ್ಕೆ ಮುಟ್ಟಿಸಿ ಹೋಗಿದ್ದರು. ಅದೇ ಕನ್ನಡ, ಅದೇ ಲಿಪಿ, ಆದರೂ ನನಗೆ ಹೆದರಿಕೆಯಾಯಿತು. ನಾನು ಹುಟ್ಟಾ ಪುಕ್ಕಲ.

ಕರ್ನಾಟಕದ ಏಕೀಕರಣವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಮುಪ್ಪಿನ ಬಗ್ಗೆ ಪ್ರಬಂಧ ಬರೆಯಲು ನಾನು ಈ ಸೀಮೆಗೆ ಬಂದಿದ್ದೆ. ಊರಿನ ಸ್ನೇಹಿತರು ನಕ್ಕಿದ್ದರು, ಅದೂ ಒಂದು ಓದೇ ಎಂದು. ನನ್ನ ಅಜ್ಜಿ ಕೊನೆಯ ಎರಡು ವರ್ಷ ನನ್ನನ್ನು ಗುರುತಿಸಲಿಲ್ಲ. ಅರವತ್ತಕ್ಕೆ ಅರಳು ಮರಳು ಎಂದು ಮನೆಯವರು ನಗುತ್ತಿದ್ದರು, ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಆ ಭಯವೇ ನನ್ನನ್ನು ಈ ಓದಿಗೆ ದೂಡಿತು.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮುಪ್ಪಿಗೆಂದು ಬೇರೆ ಕಪಾಟು ಇರಲಿಲ್ಲ. ಕಾರ್ಡುಗಳ ಪೆಟ್ಟಿಗೆಯಲ್ಲಿ ವೃದ್ಧರು ವೈದ್ಯದಲ್ಲಿ ಒಂದಿಷ್ಟು, ಧರ್ಮದಲ್ಲಿ ಒಂದಿಷ್ಟು, ಭಿಕ್ಷುಕರ ಸಮಸ್ಯೆಯಲ್ಲಿ ಒಂದಿಷ್ಟು ಚೆದುರಿಹೋಗಿದ್ದರು. ತಿಂಗಳುಗಟ್ಟಲೆ ತಡಕಿ ಒಟ್ಟುಗೂಡಿಸಿದರೆ ಒಂದು ಮೊಳದಷ್ಟೂ ಆಗಲಿಲ್ಲ. ಅವುಗಳಲ್ಲಿ ಮೂರನ್ನು ಊರಾಚೆ ಒಯ್ಯಲು ಅಪ್ಪಣೆ ಸಿಕ್ಕಿತು: ಎಪ್ಪತ್ತು ದಾಟಿದವರ ಬಗ್ಗೆ ಎರಡು ಸಂಪುಟ, ವಯಸ್ಸಾದ ಹೆಂಗಸರ ಬಗ್ಗೆ ಒಂದು. ಮೂರೂ ಇಂಗ್ಲಿಷಿನವು, ಮೂರು ತಿಂಗಳ ಗಡುವು. ಇಲ್ಲಿಯವರು ಗಡುವಿಗೆ ‘ಮುದತ್ತು’ ಎನ್ನುತ್ತಾರೆ, ಸಾಲ ತಂದದ್ದಕ್ಕೆ ‘ಕಡಾ’ ಎನ್ನುತ್ತಾರೆ. ಈ ಎರಡು ಶಬ್ದ ನೆನಪಿರಲಿ.

ಗುಡ್ಡದ ಬುಡದ ಓಣಿಯಲ್ಲಿ ಕಾಳಿನ ವ್ಯಾಪಾರಿ ಬಸಪ್ಪನವರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ನಮ್ಮ ಕಡೆಯ ಹೆಂಚಿನ ಮನೆಯಲ್ಲಿ ಮಳೆ ಬಂದರೆ ಸದ್ದು ಕೇಳುತ್ತದೆ. ಇಲ್ಲಿ ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆ, ಏನೂ ಕೇಳದು, ಒಮ್ಮೆಲೇ ಹಾಸಿಗೆಯ ಮೇಲೆ ತೊಟಕ್ಕೆನ್ನುತ್ತದೆ. ಎರೆಮಣ್ಣು ಚಪ್ಪಲಿಯನ್ನೇ ಕಿತ್ತಿಟ್ಟುಕೊಳ್ಳುತ್ತದೆ. ಅನ್ನಕ್ಕೆ ಒಗ್ಗಿದ ಹೊಟ್ಟೆ ಮೊದಲ ವಾರ ಜೋಳದ ರೊಟ್ಟಿಗೆ ಮುನಿದುಕೊಂಡಿತು. ಅದನ್ನು ರಮಿಸಿದವರು ಬಸಪ್ಪನವರ ತಾಯಿ ಗಂಗವ್ವ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ, ಶೇಂಗಾ ಹಿಂಡಿ ಎಂಬ ಕಡಲೆಕಾಯಿ ಚಟ್ನಿಪುಡಿ ಇಟ್ಟು, ಉಂಡು ಮುಗಿಯುವವರೆಗೆ ಎದುರಿಗೆ ಕೂರುತ್ತಿದ್ದರು. ಅವರನ್ನು ಇಲ್ಲಿಯವರಂತೆ ‘ಆಯಿ’, ಅಂದರೆ ಅಜ್ಜಿ, ಎಂದು ಕರೆಯಲು ಕಲಿತದ್ದು ಈ ಊರಿನಲ್ಲಿ ನನ್ನ ಮೊದಲ ಗೆಲುವು.

ಗ್ರಂಥಾಲಯದಲ್ಲಿ ಚೆದುರಿದ್ದ ಮುದುಕರು ಇಲ್ಲಿ ಸಂಜೆಯಾದರೆ ಒಂದೇ ಕಟ್ಟೆಯ ಮೇಲೆ ಸಿಗುತ್ತಿದ್ದರು. ಆದರೆ ವಯಸ್ಸು ಕೇಳಿದರೆ ಮಾತು ತಿರುಗಿಸುತ್ತಿದ್ದರು. ಬರೆದಿಟ್ಟರೆ ಆಯುಷ್ಯ ಸವೆಯುತ್ತದಂತೆ. ಹೇಗೋ ಪುಸಲಾಯಿಸಿ ಇಬ್ಬರು ಹಿರಿಯರ ಹೆಸರು ನನ್ನ ಟಿಪ್ಪಣಿಯ ವಹಿಯಲ್ಲಿ ಬರೆದುಕೊಂಡೆ. ಹೆಂಗಸರಲ್ಲಿ ಒಪ್ಪಿದವರು ಗಂಗವ್ವ ಒಬ್ಬರೇ. ಎಪ್ಪತ್ತೆರಡೋ ಎಪ್ಪತ್ತಮೂರೋ ಇರಬೇಕೆಂದು ಬೆರಳು ಮಡಚಿ ಲೆಕ್ಕ ಹಾಕಿದರು.

ಮೂರು ತಿಂಗಳು ಕಳೆದ ಮೇಲೆ ಒಮ್ಮೆ ಗಜೇಂದ್ರಗಡದ ನೇಕಾರರನ್ನು ಕಾಣಲು ಹೋಗಿ, ಎರಡು ದಿನ ಬಿಟ್ಟು ರೋಣದ ಮಾರ್ಗವಾಗಿ ವಾಪಸು ಬಂದೆ. ಕಟ್ಟೆಯ ಮೇಲಿದ್ದ ಇಬ್ಬರೂ ಹಿರಿಯರು ನನ್ನನ್ನು ಕಂಡದ್ದೇ ಕೋಲು ಊರಿ ಎದ್ದುಹೋದರು. ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ನಾನೇನು ತಪ್ಪು ಮಾಡಿದ್ದೆನೋ ತಿಳಿಯದೆ ಮನೆಯತ್ತ ಬೇಗ ಹೆಜ್ಜೆ ಹಾಕಿದೆ. ಮನೆಯ ಮುಂದೆ ಬಸಪ್ಪ ನಿಂತಿದ್ದರು. ತಾಯಿ ಒಳಕೋಣೆಯ ಚಿಲಕ ಹಾಕಿಕೊಂಡಿದ್ದಾರೆ ಎಂದರು.

“ಎರಡ ದಿನ ಆತು, ಅಕಿ ಒಂದ ತುತ್ತ ಉಂಡಿಲ್ಲ. ಅಕಿಗೆ ಏನರ ಹೆಚ್ಚುಕಡಿಮಿ ಆದ್ರ ನಿಮ್ಮನ್ನ ಬಿಡೂದಿಲ್ರಿ.”

ಬೆದರಿಕೆಯಲ್ಲೂ ‘ರಿ’ ಹಚ್ಚಿದ್ದರು. ಅದರಿಂದಲೇ ನನಗೆ ಇನ್ನಷ್ಟು ಹೆದರಿಕೆಯಾಯಿತು. ಅವರು ಕೈಗಿತ್ತದ್ದು ನನ್ನ ಹೆಸರಿಗೆ ಬಂದಿದ್ದ ಒಂದು ಕಾರ್ಡು. ಅಂಚೆಯವರು ವಾಡಿಕೆಯಂತೆ ಕಟ್ಟೆಯ ಮೇಲೆ ಕೂತು ಅದನ್ನು ಗಟ್ಟಿಯಾಗಿ ಓದಿದ್ದರು. ಗ್ರಂಥಾಲಯದ ಗುಮಾಸ್ತರಿಗೆ ಕನ್ನಡದ ಹೊಸ ಹುರುಪು. ಪುಸ್ತಕಗಳ ಹೆಸರನ್ನೂ ಬಿಡದೆ ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿದ್ದರು: ‘ತಮ್ಮ ವಶದಲ್ಲಿರುವ ಎಪ್ಪತ್ತು ದಾಟಿದವರು ಎರಡು, ವೃದ್ಧೆಯರು ಒಂದು, ಅವಧಿ ಮೀರಿರುವುದರಿಂದ ಕೂಡಲೇ ಕಳುಹಿಸತಕ್ಕದ್ದು.’

ಪುಸ್ತಕ ಎಂಬ ಒಂದು ಶಬ್ದ ಅದರಲ್ಲಿರಲಿಲ್ಲ. ನನ್ನ ವಹಿಯಲ್ಲಿದ್ದ ಈ ಊರಿನ ಹೆಸರುಗಳೋ, ಗಂಡಸರು ಇಬ್ಬರು, ಹೆಂಗಸು ಒಬ್ಬರು.

ಬಸಪ್ಪನವರಿಗೆ ವಿವರಿಸಿದರೆ ಅವರು ನಂಬಲಿಲ್ಲ. ಒಳಕೋಣೆಯ ಬಾಗಿಲ ಮುಂದೆ ಹೋಗಿ ಕೂತು, “ಆಯಿ” ಎಂದೆ. ಬಾಗಿಲು ತಟ್ಟಿದೆ. ಜೀವ ಹೋಗಿಬಿಟ್ಟಿತೇನೋ ಎಂದು ಬಾಗಿಲಿಗೆ ಕಿವಿ ಹಚ್ಚಿದೆ. ಹೋಗಿದ್ದರೆ ಕೊಂದವನು ನಾನೇ. ಆಮೇಲೆ ಬಾಗಿಲಿನ ಆ ಬದಿಯಿಂದ ಸಣ್ಣ ದನಿ ಬಂತು.

“ನನ್ನ ಹೆಸರ ಹೊಡದ ಹಾಕ ತಮ್ಮಾ. ಮೊಮ್ಮಗಳ ಬಾಣಂತನ ಆಗೂತನಕ ನಾ ಎಲ್ಲೂ ಬರೂದಿಲ್ಲ.”

ನನಗೆ ಅಳು ಬಂದುಬಿಟ್ಟಿತು. ಕಾರ್ಡಿನಲ್ಲಿ ಕರೆದದ್ದು ಮನುಷ್ಯರನ್ನಲ್ಲ, ಪುಸ್ತಕಗಳನ್ನು ಎಂದು ಹೇಳಿದೆ. ಮೂರನ್ನೂ ತಂದು ಹೊಸ್ತಿಲ ಮೇಲೆ ಒಂದರ ಮೇಲೊಂದು ಇಟ್ಟೆ. ಕಡಾ ತಂದವು, ಮುದತ್ತು ಮುಗಿದಿದೆ, ಹಿಂದಕ್ಕೆ ಕೊಡಬೇಕು ಎಂದು ಅವರ ಮಾತಿನಲ್ಲೇ ತಿಳಿಸಿದೆ. ಚಿಲಕ ಸರಿಯಿತು. ಬಾಗಿಲು ಒಂದು ಗೇಣು ತೆರೆದು ಒಂದು ಕೈ ಹೊರಬಂತು, ಒಂದೊಂದೇ ಪುಸ್ತಕವನ್ನು ಎತ್ತಿ ತೂಗಿ ನೋಡಿತು. ಇದರಾಗಿನ ಮುದುಕರು ಬದುಕಿದ್ದಾರೋ ಸತ್ತಿದ್ದಾರೋ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಇಷ್ಟು ದಪ್ಪನ್ನ ಪುಸ್ತಕ ಓದಿಯೂ ಗೊತ್ತಿಲ್ಲವೇ ಎಂದು ಗೊಣಗಿದರು. ಬಸಪ್ಪ ಗಂಜಿ ತಂದುಕೊಟ್ಟರು.

ಗಂಜಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಅವರು ನನ್ನನ್ನೇ ನೋಡುತ್ತ ಕೂತರು. “ಹಂಗಾದ್ರ ನೀನೂ ಕಡಾ ಬಂದಾವನ,” ಎಂದರು. “ನಿನ್ನ ಮುದತ್ತ ಯಾವಾಗ ಮುಗೀತೈತಿ?”

ಮರುದಿನ ಪುಸ್ತಕಗಳನ್ನು ಅಂಚೆಗೆ ಹಾಕಿದೆ. ವಹಿಯಲ್ಲಿ ಅವರ ಹೆಸರು ಉಳಿಯಿತು, ವಯಸ್ಸಿನ ಜಾಗ ಖಾಲಿ ಬಿಟ್ಟೆ. ಪ್ರಬಂಧ ಮುಗಿದು ಈಗ ಎರಡು ವರ್ಷವಾಯಿತು. ಇಲ್ಲಿಯ ಸಾಲೆಯಲ್ಲಿ ಪಾಠ ಹೇಳಿಕೊಂಡು ಅದೇ ಕೋಣೆಯಲ್ಲಿದ್ದೇನೆ. ರಜೆಗೆ ಮೈಸೂರಿಗೆ ಹೋಗಿ ‘ಹ್ಯಾಂಗ ಇದ್ದೀರಿ’ ಎಂದರೆ ಅಲ್ಲಿಯ ಸ್ನೇಹಿತರು ನಗುತ್ತಾರೆ. ಇಲ್ಲಿ ‘ಹೇಗಿದ್ದೀರಿ’ ಎಂದು ಬಾಯಿತಪ್ಪಿ ಬಂದರೆ ಕಟ್ಟೆಯವರು ನಗುತ್ತಾರೆ.

ಮೈಸೂರಿನಿಂದ ಅಮ್ಮನ ಕಾರ್ಡು ತಿಂಗಳಿಗೊಂದು ಬರುತ್ತದೆ. ಅಮ್ಮನಿಗೀಗ ಅರವತ್ತು. ಅಂಚೆಯವರ ದನಿ ಕೇಳಿದರೆ ಗಂಗವ್ವ ಒಳಗಿನಿಂದಲೇ ಕೇಳುತ್ತಾರೆ, “ಯಾರನ್ನ ಕರದಾರಪಾ?” ನನ್ನನ್ನೇ ಆಯಿ, ಎನ್ನುತ್ತೇನೆ. ಕಾರ್ಡು ತಿರುಗಿಸುವಾಗ ನನಗೆ ಎರಡು ಹೆದರಿಕೆ. ಹೊರಟು ಬಾ ಎಂದು ಬರೆದಿದ್ದರೆ ಎಂಬ ಹೆದರಿಕೆ ಒಂದು. ಅಜ್ಜಿಯಂತೆ ಮರೆಯದೆ ಅಮ್ಮ ನನ್ನ ಹೆಸರು ಸರಿಯಾಗಿ ಬರೆದಿದ್ದಾಳೋ ಇಲ್ಲವೋ ಎಂಬ ಹೆದರಿಕೆ ಇನ್ನೊಂದು. ನಾನು ಮೊದಲು ನೋಡುವುದು ಹೆಸರನ್ನೇ.