ಅಣ್ಣನಿಗೆ ಅಪ್ಪ ಇಟ್ಟ ಹೆಸರು

ಆ ಭಾನುವಾರ ಅಣ್ಣ ಮೀಸೆ ಬೋಳಿಸಿಕೊಂಡು ಮೆಲ್ಬರ್ನ್‌ನ ನನ್ನ ಮಗಳ ಮನೆಗೆ ಊಟಕ್ಕೆ ಬಂದಿದ್ದ ಎಂದು ನನ್ನ ನೆನಪು. ಅವನು ಇದನ್ನು ಒಪ್ಪುವುದಿಲ್ಲ. ಮೀಸೆ ತೆಗೆದು ಆಗಲೇ ತಿಂಗಳಾಗಿತ್ತು, ಬೆಳ್ಳಗಾಗಿದೆ ಅಂತ ತೆಗೆದೆ, ನೀನು ಕಥೆ ಕಟ್ಟಬೇಡ ಎನ್ನುತ್ತಾನೆ. ಅದು ಶನಿವಾರವೂ ಇರಬಹುದು. ನಾನು ದಿನಚರಿ ಬರೆಯುವವಳು, ಆದರೂ ಅಂದಿನ ಪುಟದಲ್ಲಿ ಏನೇನು ಅಡಿಗೆ ಮಾಡಿದೆ ಎಂಬುದಿದೆಯೇ ಹೊರತು ಮೀಸೆಯ ಮಾತೇ ಇಲ್ಲ. ಅಣ್ಣನ ಮೀಸೆಯನ್ನು ನಾನೇ ನೆನಪಿನಲ್ಲಿ ಬೋಳಿಸಿರಬಹುದು. ಈ ಕಥೆಗೆ ಅದು ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ಅದಕ್ಕಾಗಿಯೇ ನನಗೆ ಅದರ ಮೇಲೆ ಅನುಮಾನ.

ಏಕೆಂದರೆ ಅಣ್ಣನ ಹೆಸರು ಒಬ್ಬ ದಪ್ಪ ಮೀಸೆಯ ಮನುಷ್ಯನದು. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಸೋವಿಯತ್ ಒಕ್ಕೂಟವನ್ನು ದಶಕಗಳ ಕಾಲ ಆಳಿ, ಮಹಾಯುದ್ಧವನ್ನು ಗೆದ್ದು, ಅರ್ಧ ಯುರೋಪನ್ನು ಜೇಬಿಗೆ ಹಾಕಿಕೊಂಡ ಸರ್ವಾಧಿಕಾರಿಯ ಹೆಸರು ಅದು. ದಾವಣಗೆರೆಯ ಒಂದು ಓಣಿಯಲ್ಲಿ ಹುಟ್ಟಿದ ಕೂಸಿಗೆ ಅದನ್ನಿಟ್ಟವರು ನಮ್ಮಪ್ಪ.

ಅಪ್ಪ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತರು. ಗಿರಣಿಗಿಂತ ಯೂನಿಯನ್ ಆಫೀಸಿನಲ್ಲಿ ಇರುತ್ತಿದ್ದುದೇ ಹೆಚ್ಚು. ನಮ್ಮ ಮನೆಯ ದೇವರ ಪಟಗಳ ಸಾಲಿನ ಕೊನೆಯಲ್ಲಿ ಆ ನಾಯಕನ ಪಟವೂ ತೂಗುತ್ತಿತ್ತು. ಶುಕ್ರವಾರ ಎಲ್ಲ ಪಟಗಳಿಗೂ ಹೂವು ಮುಡಿಸುವ ಅಮ್ಮ, ಅದೊಂದನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು ಅದಕ್ಕೂ ಒಂದು ದಾಸವಾಳ ಸಿಕ್ಕಿಸುತ್ತಿದ್ದಳು. ನಾಸ್ತಿಕ ಅಪ್ಪ ಅದನ್ನು ಕಂಡೂ ಕಾಣದಂತೆ ಅಂಗಿ ತೊಟ್ಟುಕೊಂಡು ಹೊರಡುತ್ತಿದ್ದರು.

ಪ್ರಪಂಚದ ಯಾವ ಪ್ರಶ್ನೆಗೂ ಅಪ್ಪನ ಬಳಿ ಆ ನಾಯಕನಿಂದ ಶುರುವಾಗುವ ಉತ್ತರವಿತ್ತು. ಯುದ್ಧ ಗೆದ್ದವರು ಯಾರು? ಅವನು. ಹಾಗಾದರೆ ಮೊದಲು ಅದೇ ಜರ್ಮನಿಯ ಜೊತೆ ಒಪ್ಪಂದ ಮಾಡಿಕೊಂಡು ಪೋಲೆಂಡನ್ನು ಹಂಚಿಕೊಂಡಿದ್ದು? ಸಮಯ ಗಳಿಸುವ ಉಪಾಯ. ಯುದ್ಧ ಮುಗಿದ ಮೇಲೂ ಅಕ್ಕಪಕ್ಕದ ದೇಶಗಳಿಂದ ಸೈನ್ಯ ವಾಪಸು ಕರೆಸಿಕೊಳ್ಳದಿದ್ದುದು? ಭದ್ರತೆ. ಮುಂದೆ ನಾನು ಮೈಸೂರಿನಲ್ಲಿ ಇತಿಹಾಸ ಎಂಎ ಓದುವಾಗ ಇವೇ ಸಂಗತಿಗಳಿಗೆ ಬೇರೆ ಪದಗಳಿದ್ದವು. ಪರೀಕ್ಷೆಯಲ್ಲಿ ಆ ಪದಗಳನ್ನು ಬರೆದೆ, ರಜೆಗೆ ಮನೆಗೆ ಬಂದಾಗ ಅಪ್ಪನ ಪದಗಳಿಗೆ ತಲೆಯಾಡಿಸಿದೆ. ಎರಡು ಕಡೆಯೂ ಪಾಸಾದೆ.

ಅಣ್ಣನಿಗೆ ಇದರ ಗೋಜೇ ಇರಲಿಲ್ಲ. ಅವನು ಅಕೌಂಟೆಂಟ್ ಆದ, ಸಿಡ್ನಿಗೆ ಬಂದ, ಅಲ್ಲಿನ ಪ್ಯಾರಮಟ್ಟಾದಲ್ಲಿ ಆಫೀಸು ಮಾಡಿದ, ಬಾಡಿಗೆಗೆ ಕೊಡಲೆಂದೇ ಮನೆಗಳನ್ನು ಕೊಂಡ. ರೈಲಿನವರು ಮುಷ್ಕರ ಹೂಡಿದ ದಿನ ನನಗೆ ಫೋನ್ ಮಾಡಿ, "ಈ ಯೂನಿಯನ್‌ನೋರಿಂದ್ಲೇ ಕಣೆ ದೇಶ ಹಾಳಾಗ್ತಿರೋದು" ಎಂದು ಗೊಣಗುತ್ತಾನೆ. ಆ ಹೆಸರಿಟ್ಟುಕೊಂಡು. ಇಲ್ಲಿನ ಜನ ಮೊದಲ ಸಲ ಅವನ ಹೆಸರು ಕೇಳಿ ಹುಬ್ಬೇರಿಸಿದರೆ, "ಚಿಂತೆ ಬೇಡ, ನಾನು ಟ್ಯಾಕ್ಸ್ ರಿಟರ್ನ್ ಮಾತ್ರ ವಶಪಡಿಸ್ಕೊಳ್ತೀನಿ" ಅನ್ನುವುದು ಅವನ ಹಳೆಯ ಜೋಕು. ಎಲ್ಲರೂ ನಗುತ್ತಾರೆ. ಆ ಹೆಸರಿನಿಂದ ಯಾರಿಗೂ ನೋವಾದದ್ದನ್ನು ನಾವು ಕಂಡಿರಲಿಲ್ಲ.

ಹೋದ ವರ್ಷ ನನ್ನ ಮಗಳ ಮದುವೆ ಗೊತ್ತಾಯಿತು. ಅವಳು ಮೆಲ್ಬರ್ನ್‌ನಲ್ಲಿ ಕೆಲಸದಲ್ಲಿದ್ದಾಳೆ. ಹುಡುಗ ಅಲ್ಲೇ ಹುಟ್ಟಿ ಬೆಳೆದವನು, ಪೋಲಿಷ್ ಮನೆತನದವನು. ಅಲ್ಲಿನ ಕ್ಲೈಡ್ ನಾರ್ತ್ ಬಡಾವಣೆಯಲ್ಲಿ ಇಬ್ಬರೂ ಸೇರಿ ಮನೆ ಕೊಂಡಿದ್ದರು, ಮಾರ್ಟ್‌ಗೇಜ್ ಎಂಬ ಬಂಧನ ಆಗಿಯೇ ಹೋಗಿದ್ದರಿಂದ ಮದುವೆಗೆ ನಾವು ಅಡ್ಡಿ ಹೇಳುವ ಪ್ರಶ್ನೆಯೇ ಇರಲಿಲ್ಲ. ಶಾಸ್ತ್ರ ನಮ್ಮ ಕಡೆಯದೇ ಇರಲಿ ಎಂದು ಹುಡುಗನೇ ಹೇಳಿದ. ಹಾಗಾದರೆ ಹೆಣ್ಣನ್ನು ಮಂಟಪಕ್ಕೆ ಕೈಹಿಡಿದು ಕರೆತರಬೇಕಾದವನು ಸೋದರಮಾವ. ಅಂದರೆ ನನ್ನ ಅಣ್ಣ.

ಮಗಳು ಒಂದು ಸಂಜೆ ಫೋನಿನಲ್ಲಿ ಹುಡುಗನ ಅಜ್ಜಿಯ ಕಥೆ ಹೇಳಿದಳು. ಅವರಿಗೆ ಈಗ ತೊಂಬತ್ತರ ಹತ್ತಿರ. ಅವರು ಹುಟ್ಟಿದ ಊರು ಆಗ ಪೋಲೆಂಡಿನಲ್ಲಿತ್ತು, ಈಗ ಉಕ್ರೇನಿನಲ್ಲಿದೆ. ಊರು ಇದ್ದಲ್ಲೇ ಇದೆ, ದೊಡ್ಡವರು ಕೆಲವರು ಮೇಜಿನ ಸುತ್ತ ಕುಳಿತು ನಕ್ಷೆಯ ಗೆರೆಯನ್ನು ಆಚೆ ಸರಿಸಿದರು, ಅಷ್ಟೆ. ಅದಕ್ಕೂ ಮುಂಚೆ, ಅಪ್ಪ ಹೇಳುತ್ತಿದ್ದ ಆ ಸಮಯ ಗಳಿಸುವ ಉಪಾಯದ ಕಾಲದಲ್ಲಿ, ಒಂದು ಚಳಿಗಾಲ ಸೈನಿಕರು ಬಂದು ಇಡೀ ಮನೆಯವರನ್ನು ದನ ಸಾಗಿಸುವ ರೈಲಿಗೆ ಹತ್ತಿಸಿ ಸೈಬೀರಿಯಾ ಕಡೆಗೆ ಕಳಿಸಿದ್ದರು. ಅಜ್ಜಿಯ ತಂದೆ ಅಲ್ಲಿ ಮರ ಕಡಿಯುತ್ತಲೇ ತೀರಿಕೊಂಡರು.

ನನಗೆ ಮೊದಲು ಹೊಳೆದದ್ದು ಮದುವೆಯ ಕರೆಯೋಲೆ. ಸೋದರಮಾವನ ಹೆಸರು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತದೆ.

"ಅಮ್ಮಾ, ಡೋಂಟ್ ಮೇಕ್ ಇಟ್ ಎ ಥಿಂಗ್" ಎಂದಳು ಮಗಳು.

ಆದರೆ ನಾನು ಅದನ್ನು ದೊಡ್ಡದು ಮಾಡಿದೆ. ಸಿಡ್ನಿಯ ಕೆಲ್ಲಿವಿಲ್‌ನಿಂದ ನಾನು, ಪ್ಯಾರಮಟ್ಟಾದಿಂದ ಅಣ್ಣ, ಕ್ಲೈಡ್ ನಾರ್ತ್‌ನಿಂದ ಮಗಳು, ಮೂರು ಶಕ್ತಿಗಳ ಮಾತುಕತೆ ನಡೆಯಿತು. ಕರೆಯೋಲೆಯಲ್ಲಿ ಬರೀ ಇನಿಷಿಯಲ್ ಹಾಕಿಸುವುದು, ಊಟಕ್ಕೆ ಕರೆದಾಗ ಅಜ್ಜಿಗೆ ಅವನನ್ನು 'ಅಂಕಲ್' ಎಂದಷ್ಟೇ ಪರಿಚಯಿಸುವುದು, ಇಲ್ಲಿ ಎಲ್ಲರೂ ಅಂಕಲ್‌ಗಳೇ ಆದ್ದರಿಂದ ಯಾರಿಗೂ ಸಂಶಯ ಬರುವುದಿಲ್ಲ ಎಂದು ತೀರ್ಮಾನವಾಯಿತು.

"ಬೇಕಾದ್ರೆ ನಾನು ಊಟಕ್ಕೇ ಬರಲ್ಲ ಬಿಡು" ಎಂದ ಅಣ್ಣ.

"ಮಾವ, ನೀನಿಲ್ದೆ ನಾನು ಮಂಟಪಕ್ಕೆ ವಾಕ್ ಮಾಡಲ್ಲ. ಪ್ಲೀಸ್ ಜಸ್ಟ್ ಕಮ್" ಎಂದಳು ಮಗಳು. ಅವಳು ಚಿಕ್ಕವಳಿದ್ದಾಗ ಅವಳಪ್ಪ ತೀರಿಕೊಂಡಿದ್ದರು. ಶಾಲೆಗೆ ಬಿಡುವುದರಿಂದ ಹಿಡಿದು ಕಾರು ಕಲಿಸುವವರೆಗೆ ಎಲ್ಲವನ್ನೂ ಮಾಡಿದವನು ಅವನೇ. ಅಣ್ಣ ಟಿಕೆಟ್ ಬುಕ್ ಮಾಡಿದ.

ಮಗಳ ಮನೆಯಲ್ಲಿ ಊಟ. ಚಪಾತಿ, ಬದನೆಕಾಯಿ ಎಣಗಾಯಿ, ಹೆಸರುಬೇಳೆ ಕೋಸಂಬರಿ. ಅಜ್ಜಿ ಮೊಮ್ಮಗನ ತೋಳು ಹಿಡಿದು ಒಳಗೆ ಬಂದರು, ಸಣ್ಣ ಆಕೃತಿ, ತುಟಿಗೆ ಬಣ್ಣ. ನಡೆದ ಮಾತೆಲ್ಲ ಇಂಗ್ಲಿಷಿನದು. ಕನ್ನಡದಲ್ಲಿ ಬರೆಯುವಾಗ ಅಜ್ಜಿಯ ಮಾತಿನ ಒರಟುತನ ಸ್ವಲ್ಪ ಮೆತ್ತಗಾಗಿರಬಹುದು.

ನಾನು ಒಪ್ಪಂದದ ಪ್ರಕಾರ, "ಇವರು ಅಂಕಲ್" ಎಂದೆ.

ಅಜ್ಜಿ ಅಣ್ಣನನ್ನು ಮೇಲಿಂದ ಕೆಳಗೆ ನೋಡಿದರು. "ಗೊತ್ತು. ಇವನು ಹೋದ ವರ್ಷವೇ ಹೇಳಿದ್ದಾನೆ" ಎಂದು ಮೊಮ್ಮಗನತ್ತ ತಲೆಯಾಡಿಸಿದರು. "ಅವತ್ತಿನಿಂದ ಮುಖ ನೋಡಬೇಕು ಅಂತ ಕಾಯ್ತಾ ಇದ್ದೆ. ಮೀಸೆ ಇರುತ್ತೆ ಅಂದುಕೊಂಡಿದ್ದೆ."

ಮಗಳು ಹುಡುಗನನ್ನು ದುರುಗುಟ್ಟಿ ನೋಡಿದಳು. ಹುಡುಗ, "ಅವರು ಕೇಳಿದ್ರು, ಹೇಳಿದೆ" ಎಂದ. ನಮ್ಮ ಗುಪ್ತ ರಾಜತಾಂತ್ರಿಕತೆ ಅಲ್ಲಿಗೆ ಮುಗಿಯಿತು. ಅಣ್ಣ ಗಟ್ಟಿಯಾಗಿ ನಕ್ಕ, ಅಜ್ಜಿಯೂ ನಕ್ಕರು. ನಾನು ಚಪಾತಿ ಬಡಿಸತೊಡಗಿದೆ.

ಊಟದ ನಡುವೆ ಅಜ್ಜಿಯೇ ಮಾತು ತೆಗೆದರು. ಜರ್ಮನಿ ತಿರುಗಿ ಬಿದ್ದ ಮೇಲೆ ಆ ನಾಯಕನಿಗೆ ಇದ್ದಕ್ಕಿದ್ದಂತೆ ಪೋಲಿಷ್ ಜನ ಸ್ನೇಹಿತರಾದರಂತೆ. ಕ್ಯಾಂಪಿನ ಬಾಗಿಲು ತೆರೆಯಿತು. ತಾಯಿ ಮಗಳು ಇರಾನ್ ದಾಟಿ ಹಡಗಿನಲ್ಲಿ ಎಲ್ಲಿಗೆ ಬಂದರು ಗೊತ್ತೇ? "ಇಂಡಿಯಾಗೆ. ಕೊಲ್ಹಾಪುರದ ಹತ್ತಿರ ಪೋಲಿಷ್ ಕ್ಯಾಂಪ್ ಇತ್ತು. ನಾನು ಓದು ಕಲಿತದ್ದು ಅಲ್ಲೇ. ಅಲ್ಲಿ ಒಂದು ಹಣ್ಣು, ಪೇರು."

"ಪೇರಲ! ನಮ್ಮ ಕಡೆ ಪೇರಲ ಅಂತೀವಿ" ಎಂದು ಅಣ್ಣ ಕುರ್ಚಿಯಿಂದ ಅರ್ಧ ಎದ್ದ. ಕೊಲ್ಹಾಪುರದಿಂದ ದಾವಣಗೆರೆಗೆ ಒಂದು ರಾತ್ರಿಯ ಬಸ್ಸು. ನಮ್ಮಪ್ಪ ಊರಿನ ಗಿರಣಿಯ ಮುಂದೆ ಆ ನಾಯಕನಿಗೆ ಜೈಕಾರ ಹಾಕುವುದನ್ನು ಕಲಿಯುತ್ತಿದ್ದ ಹೊತ್ತಿಗೆ, ಅವನಿಂದ ತಪ್ಪಿಸಿಕೊಂಡ ಮಗು ಒಂದು ರಾತ್ರಿಯ ದಾರಿಯಲ್ಲಿ ಪೇರಲಹಣ್ಣು ತಿನ್ನುತ್ತಿತ್ತು. ಯುದ್ಧ ಮುಗಿದ ಮೇಲೆ ವಾಪಸು ಹೋಗಲು ಅವರ ದೇಶ ಅವರದಾಗಿ ಉಳಿದಿರಲಿಲ್ಲ, ಆಸ್ಟ್ರೇಲಿಯಾಕ್ಕೆ ಬಂದರು. ಇಲ್ಲಿಗೆ ಕಾಯಂ ವಾಸದ ಪಿಆರ್ ಪಾಯಿಂಟ್ಸ್ ಎಣಿಸಿಕೊಂಡು ಬಂದ ನಾವು ಬಾಯಿಬಿಟ್ಟುಕೊಂಡು ಕೇಳಿದೆವು.

ಅಣ್ಣ ಎಷ್ಟು ಹಗುರಾಗಿದ್ದನೆಂದರೆ ತನ್ನ ಟ್ಯಾಕ್ಸ್ ಜೋಕನ್ನೂ ಹೇಳಿದ. ಅಜ್ಜಿ ಮುಗುಳ್ನಕ್ಕು ಕೇಳಿದರು, "ನೀನು ಹುಟ್ಟಿದ್ದು ಯಾವ ವರ್ಷ?"

ಅವನು ಹೇಳಿದ.

ಅಜ್ಜಿ ಚಮಚ ಕೆಳಗಿಟ್ಟರು. "ಆ ಹೊತ್ತಿಗೆ ಅವನು ಸತ್ತು ಎಷ್ಟೋ ವರ್ಷ. ಅವನ ಪಕ್ಷದವರೇ ಎದ್ದು ನಿಂತು ಅವನು ಮಾಡಿದ್ದನ್ನೆಲ್ಲ ಹೇಳಿ ಆಗಿತ್ತು. ಇಲ್ಲಿನ ಪೇಪರಲ್ಲೂ ಬಂದಿತ್ತು, ನಮ್ಮಮ್ಮ ಡಿಕ್ಷನರಿ ಇಟ್ಕೊಂಡು ಓದಿದ್ದಳು. ನಿಮ್ಮ ತಂದೆ ಪೇಪರ್ ಓದ್ತಿದ್ರಾ?"

ಅಣ್ಣನ ಮುಖ ಅರಳಿತು. ಅಪ್ಪನ ಬಗ್ಗೆ ನಮಗೆ ಹೆಮ್ಮೆಯಿರುವುದು ಅದೊಂದೇ ವಿಷಯಕ್ಕೆ. "ಎಲ್ಲಾ ಪೇಪರ್ ಓದ್ತಿದ್ರು! ದಿನಾ ಬೆಳಿಗ್ಗೆ ಯೂನಿಯನ್ ಆಫೀಸಲ್ಲಿ, ಓದೋಕೆ ಬರದ ಕಾರ್ಮಿಕರನ್ನ ಕೂರಿಸಿಕೊಂಡು ಒಂದಕ್ಷರ ಬಿಡದೆ ಓದಿ ಹೇಳ್ತಿದ್ರು."

ಹೇಳಿ ಮುಗಿಸುವಷ್ಟರಲ್ಲಿ ತಾನು ಹೇಳಿದ್ದೇನೆಂದು ಅವನಿಗೇ ಕೇಳಿಸಿತು.

"ಓಹೋ" ಎಂದರು ಅಜ್ಜಿ. ಇನ್ನೊಂದಿಷ್ಟು ಕೋಸಂಬರಿ ಹಾಕಿಸಿಕೊಂಡು, ಇದು ತುಂಬಾ ಚೆನ್ನಾಗಿದೆ ಎಂದರು.

ಅವರಿಗೆ ಮದುವೆಯ ಬಗ್ಗೆ ಯಾವ ತಕರಾರೂ ಇರಲಿಲ್ಲ. ಹೊರಡುವಾಗ ಅಣ್ಣನ ಕೆನ್ನೆ ತಟ್ಟಿ, ಹೊಸ ಟೋಪಿ ಕೊಂಡಿದ್ದೇನೆ, ಮುಂದಿನ ಸಾಲಿನಲ್ಲಿ ಕೂರುತ್ತೇನೆ ಎಂದು ಹೇಳಿ ಹೋದರು. ತಕರಾರು ಎದ್ದದ್ದು ವಿಮಾನ ನಿಲ್ದಾಣದ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ.

"ನಾನು ಮಂಟಪಕ್ಕೆ ಕರ್ಕೊಂಡು ಬರಲ್ಲ ಕಣೆ" ಎಂದ ಅಣ್ಣ. "ಬೇರೆ ಯಾರಿಗಾದ್ರೂ ಹೇಳು."

"ಅವರಿಗೇ ಬೇಜಾರಿಲ್ಲ, ನಿಂದೇನೋ?"

"ಅವರ ವಿಷಯ ಅಲ್ಲ. ಅಪ್ಪಂಗೆ ಗೊತ್ತಿಲ್ದೆ ಇಟ್ಟಿದ್ರೆ ಅದು ಹೆಸರು. ಗೊತ್ತಿದ್ದೂ ಇಟ್ಟಿದ್ರೆ ಹೆಸರಲ್ಲ, ಠರಾವು. ಅರವತ್ತಾರು ವರ್ಷ ಅವರ ಠರಾವು ಹೊತ್ಕೊಂಡು ಜೋಕ್ ಮಾಡ್ಕೊಂಡು ತಿರುಗಿದೀನಾ ನಾನು? ಆ ಹೆಂಗ್ಸು ಮುಂದಿನ ಸಾಲಲ್ಲಿ ಟೋಪಿ ಹಾಕ್ಕೊಂಡು ಕೂತಿರ್ತಾಳೆ, ಪುರೋಹಿತ ಮೈಕಲ್ಲಿ ನನ್ನ ಹೆಸರು ಕೂಗ್ತಾನೆ. ನನ್ ಕೈಲಾಗಲ್ಲ."

"ಅಪ್ಪಂಗೆ ಗೊತ್ತಿರ್ಲಿಲ್ಲ ಬಿಡು."

"ನೀನು ಎಂಎ ಹಿಸ್ಟರಿ. ಗೊತ್ತಿರ್ಲಿಲ್ಲ ಅಂತ ನಿಂಗೆ ಹೆಂಗೆ ಗೊತ್ತು?"

ನನಗದು ಗೊತ್ತಿರಲಿಲ್ಲ. ಆ ನಾಯಕ ಸತ್ತ ವರ್ಷ, ಅವನನ್ನು ಅವನವರೇ ಬಯಲಿಗೆಳೆದ ವರ್ಷ, ಎರಡೂ ನನಗೆ ಬಾಯಿಪಾಠ. ಅಣ್ಣ ಹುಟ್ಟಿದ ವರ್ಷವೂ ಗೊತ್ತು. ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಲು ಯಾವ ಪ್ರಶ್ನೆಪತ್ರಿಕೆಯೂ ಕೇಳಿರಲಿಲ್ಲ. ದಾವಣಗೆರೆಯವರೆಗೆ ಸುದ್ದಿ ಮುಟ್ಟಿರಲಿಲ್ಲ ಅನ್ನೋಣವೆಂದರೆ, ಮುಟ್ಟಿದ ಸುದ್ದಿಯನ್ನು ಊರಿಗೆ ಓದಿ ಹೇಳುವ ಕೆಲಸ ಅಪ್ಪನದೇ. ಶತ್ರುಗಳ ಸುಳ್ಳು ಎಂದು ಆ ಪುಟವನ್ನು ಬಿಟ್ಟು ಓದಿದರೋ, ಓದಿ ನಂಬಲಿಲ್ಲವೋ, ನಂಬಿಯೂ ಹಟಕ್ಕೆ ಬಿದ್ದರೋ? ಅಪ್ಪ ಹೋಗಿ ಎಷ್ಟೋ ಕಾಲವಾಯಿತು, ಅಮ್ಮನೂ ಇಲ್ಲ.

ಇದನ್ನು ಬಲ್ಲವರು ಒಬ್ಬರೇ ಉಳಿದಿದ್ದಾರೆ, ಅಪ್ಪನ ತಂಗಿ, ನಮ್ಮ ಸೋದರತ್ತೆ. ಮಗನ ಜೊತೆ ಪ್ಯಾರಮಟ್ಟಾದ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ನಾಮಕರಣದ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು, ಆದ್ದರಿಂದ ಆ ಹೆಸರನ್ನು ಅಣ್ಣನ ಕಿವಿಯಲ್ಲಿ ಮೊದಲು ಉಸುರಿದವರೂ ಅವರೇ. ಅಣ್ಣ ಅವರ ಮನೆಯಿಂದ ಎರಡು ಬೀದಿ ಆಚೆಗಿದ್ದರೂ ತಾನು ಹೋಗಲಿಲ್ಲ. "ನೀನೇ ಕೇಳು. ನಾನು ಕೇಳಿದ್ರೆ ನನ್ ಮುಖ ನೋಡಿ ಇಲ್ಲ ಅಂತಾರೆ" ಎಂದ.

ಹೋದ ವಾರ ಹೋಗಿದ್ದೆ. ಅತ್ತೆ ಬಾಲ್ಕನಿಯಲ್ಲಿ ಕುಳಿತಿದ್ದರು. ನಾಮಕರಣ ಎಂದದ್ದೇ ಸಾಕು, ಅವರಿಗೆ ಎಲ್ಲ ನೆನಪು ಬಂತು.

"ನಿಮ್ಮವ್ವ ತೊಟ್ಲು ಶಾಸ್ತ್ರ ಬೇಕೇ ಬೇಕು ಅಂತ ಹಟ ಹಿಡಿದ್ಲು. ಹೆಸರು ಮಾತ್ರ ನಂದು ಅಂದ ನಮ್ಮಣ್ಣ. ತಟ್ಟೆ ಅಕ್ಕಿ ಮೇಲೆ ಹೆಸರು ಬರೀರಿ ಅಂದ್ರೆ ಅಯ್ನೋರು, ಇದ್ಯಾವ ದೇವ್ರಪ್ಪಾ ಅಂತ ಬೆರಳು ತಡೆದ್ರು. ನಂಗೆ ಹದಿನಾರೋ ಹದಿನೇಳೋ. ಬಾಯಲ್ಲಿ ಹೊಳ್ಳಲೊಲ್ದು. ನಮ್ಮಣ್ಣ ಹಿಂದಿನ ದಿನ ನನ್ನ ಕೂರಿಸ್ಕೊಂಡು ಹತ್ತು ಸರ್ತಿ ಹೇಳಿಸಿದ. ಎಷ್ಟು ಖುಷಿ ಅವಂಗೆ! ಆ ವರ್ಷೆಲ್ಲಾ ಅವನ ಮುಖದಾಗೆ ನಗು ಕಂಡಿದ್ದೇ ಅವತ್ತು."

"ಆ ವರ್ಷ ಯಾಕೆ ನಗ್ತಿರ್ಲಿಲ್ಲ ಅತ್ತೆ?"

ಅತ್ತೆ ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದ ಟ್ರಾಮಿನಂಥ ಲೈಟ್ ರೈಲು ನೋಡಿದರು. "ಇದಕ್ಕೆ ಡ್ರೈವರ್ ಇದಾನೇನೇ?"

"ಇದಾನೆ. ಮೆಟ್ರೋಗೆ ಮಾತ್ರ ಇಲ್ಲ."

"ಹಂಗಾದ್ರೆ ಅದು ನಡೆಯೋದೆಂಗೆ?" ಎಂದರು. ನಾನು ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು, ನಡುವೆ ಒಂದೆರಡು ಒಳ್ಳೆಯ ಪ್ರಶ್ನೆಗಳನ್ನೂ ಹಾಕಿದರು.

ಮದುವೆ ಹತ್ತಿರ ಬಂದಿದೆ. ಕರೆಯೋಲೆ ಅಚ್ಚಿಗೆ ಹೋಗಬೇಕು, ಸೋದರಮಾವನ ಜಾಗ ಖಾಲಿ ಬಿಟ್ಟಿದ್ದೇವೆ. ಮಗಳು ದಿನಾ ಫೋನ್ ಮಾಡಿ, "ಈಸ್ ಮಾವ ಓಕೆ?" ಎನ್ನುತ್ತಾಳೆ. ಅಣ್ಣ ದಿನಾ ಫೋನ್ ಮಾಡಿ, "ಅತ್ತೆ ಏನಂದ್ರು?" ಎನ್ನುತ್ತಾನೆ. ಅಪ್ಪನಿಗೆ ಗೊತ್ತಿರಲಿಲ್ಲ ಅಂದರು ಎಂದು ಸುಳ್ಳು ಹೇಳಿಬಿಟ್ಟರೆ ಮುಗಿಯುತ್ತದೆ. ಅಪ್ಪನೂ ಹೀಗೇ ಒಂದು ಪುಟ ಬಿಟ್ಟು ಓದಿರಬಹುದು ಎನ್ನಿಸಿ ಮದುವೆಯ ಅಡಿಗೆಯ ಮಾತು ತೆಗೆಯುತ್ತೇನೆ.

ನಿನ್ನೆ ಸಂಜೆ ಅತ್ತೆಗೆ ಮತ್ತೆ ಫೋನ್ ಮಾಡಿದೆ. ಉಭಯಕುಶಲೋಪರಿ ಆದ ಮೇಲೆ ಈ ಸಲ ಸುತ್ತುಬಳಸದೆ ಕೇಳಿದೆ. ಅವರು ನಾಳೆ ಮಾಡು ಎಂದು ಫೋನಿಟ್ಟರು. ಇವತ್ತು ಎರಡು ಸಲ ಮಾಡಿದೆ, ಎತ್ತಲಿಲ್ಲ. ನಾನು ಕೇಳಿದ್ದು ಇಷ್ಟೇ: ಅತ್ತೆ, ಹಿಂದಿನ ದಿನ ನಿಮ್ಮನ್ನು ಕೂರಿಸಿಕೊಂಡು ಆ ಹೆಸರು ಹೇಳಿಕೊಟ್ಟಾಗ, ಅವನು ಏನೇನು ಮಾಡಿದ್ದ ಅಂತ ಅಪ್ಪನಿಗೆ ಗೊತ್ತಿತ್ತಾ?