ಗುರುಗಳ ಪೀಠದಲ್ಲಿ ಬಡಗಿ

ಬಡಗಿ ತನ್ನ ನೆರಳನ್ನೂ ನಂಬುವವನಲ್ಲ. ಅಂಗಡಿಯವನು ತೇಗ ಎಂದರೆ ಉಗುರಿನಿಂದ ಕೆರೆದು ಮೂಸಿ ನೋಡುವನು. ಹೆಂಡತಿ ಟೀಗೆ ಸಕ್ಕರೆ ಹಾಕಿದ್ದೇನೆ ಎಂದರೂ ಚಮಚ ತಿರುವಿ ನೋಡುವನು. ಅನುಮಾನ ದೊಡ್ಡ ರೋಗ ಅನ್ನುತ್ತಾರೆ. ಇವನಿಗೆ ಅದೇ ಕಸುಬು, ಬಡಗಿತನ ಉಪಕಸುಬು.

ನಿಶ್ಚಯವಾಗಿದ್ದ ಮಗಳ ಮದುವೆ ಮುರಿದುಬಿದ್ದ ಮೇಲಂತೂ ರೋಗ ಉಲ್ಬಣಿಸಿತು. ಗಂಡಿನವರ ಕಿವಿ ಊದಿದವಳು ತಮ್ಮನ ಹೆಂಡತಿಯೇ ಎಂದು ಅವನ ಗುಮಾನಿ. ಎರಡು ವರ್ಷ ಸಾಕ್ಷಿ ಹುಡುಕಿದ, ಸಿಗಲಿಲ್ಲ. ಭಾನುವಾರ ಚರ್ಚಿನಲ್ಲಿ ಆಕೆ ಕಣ್ಣು ಮುಚ್ಚಿದರೆ ಇವನು ಕಣ್ಣು ಬಿಟ್ಟು ಅವಳನ್ನೇ ಕಾಯುತ್ತಿದ್ದ. ತನ್ನ ಪ್ರಾರ್ಥನೆ ಕೆಟ್ಟಿದೆಯೆಂದು ಅವನಿಗೂ ಗೊತ್ತಿತ್ತು, ಅದರ ನೋವೂ ಇತ್ತು.

ಒಂದು ಮಧ್ಯಾಹ್ನ ಫಾದರ್ ಕರೆಸಿದರು. ಪಾಪನಿವೇದನೆಯ ಗೂಡಿನಲ್ಲಿ, ಜಾಲರಿಯಾಚೆ ಮಂಡಿಯೂರಿದವರ ತಪ್ಪೊಪ್ಪಿಗೆ ಕೇಳಲು ಅವರು ಕೂರುವ ಹಲಗೆ ಕಿರುಗುಟ್ಟುತ್ತಿತ್ತು. ಅದರ ಮೇಲೆ ಭಾರ ಬಿದ್ದರೆ ಹೊರಗೆ ದೀಪ ಹತ್ತುತ್ತದೆ. ದೀಪ ಕಂಡರೆ ಗುರುಗಳು ಒಳಗಿದ್ದಾರೆ ಎಂದರ್ಥ. ಬಡಗಿ ಮೊಳೆ ಹೊಡೆದ. ತಾನೇ ಹೊಡೆದ ಮೊಳೆಯ ಮೇಲೂ ನಂಬಿಕೆ ಬರದೆ, ಬಾಗಿಲು ಹಾಕಿಕೊಂಡು, ಫಾದರ್ ಕೂರುವಂತೆಯೇ ಕೂತು ಮಿಸುಕಾಡಿ ನೋಡಿದ.

ಜಾಲರಿಯಾಚೆ ಯಾರೋ ಮಂಡಿಯೂರಿದರು. ಕೆಮ್ಮಿದರು. ಆ ಕೆಮ್ಮು ಅವನಿಗೆ ಚೆನ್ನಾಗಿ ಗೊತ್ತು.

"ಫಾದರ್, ಎರಡು ವರ್ಷದಿಂದ ಒಂದು ಮಾತು ಎದೇಲಿ ಇಟ್ಕೊಂಡಿದೀನಿ. ನಮ್ಮ ಭಾವನ ಮಗಳ ವಿಷ್ಯ..."

ಹುಡುಕಿದ ಬಳ್ಳಿ ಕಾಲಿಗೆ ತೊಡರಿತ್ತು. ಸುಮ್ಮನೆ ಕೂತಿದ್ದರೆ ಸಾಕು. ನೀನೇನು ಕದ್ದು ಕೇಳಲು ಬಂದೆಯಾ, ಕೆಲಸಕ್ಕೆ ಬಂದವನಲ್ಲವೇ ಎಂದು ಮನಸ್ಸಿನೊಳಗೊಬ್ಬ ವಕೀಲಿಕೆಗೆ ನಿಂತ. ಇಷ್ಟು ನಯವಾಗಿ ಮಾತಾಡುತ್ತಿರುವವನು ಯಾರು? ಬಡಗಿಗೆ ಆ ವಕೀಲನ ಮೇಲೇ ಅನುಮಾನ ಬಂತು. ಜೀವಮಾನದಲ್ಲಿ ಅವನ ಅನುಮಾನ ಸರಿಯಾದವನ ಮೇಲೆ ಬಿದ್ದದ್ದು ಅದೇ ಮೊದಲು.

"ಯೇಸುವೇ!" ಎಂದು ಸುತ್ತಿಗೆಯಿಂದ ಹಲಗೆಗೆ ಬಡಿದ. "ತಾಳಮ್ಮಾ, ಮುಂದೆ ಹೇಳ್ಬೇಡ! ಫಾದರ್ ಇಲ್ಲ ಇಲ್ಲಿ. ನಾನು ಕೂತಿದೀನಿ, ನಿಮ್ಮ ಭಾವ."

ಹೊರಬಂದಾಗ ತಮ್ಮನ ಹೆಂಡತಿ ಬಿಳಿಚಿಕೊಂಡು ನಿಂತಿದ್ದಳು.

"ಭಾವಾ... ಎಷ್ಟು ಕೇಳಿಸ್ಕೊಂಡ್ರಿ?"

"ಮಗಳ ವಿಷ್ಯ ಅಂದೆ. ಅಷ್ಟೇ. ಮಿಕ್ಕಿದ್ದು ಫಾದರ್‌ಗೆ ಹೇಳ್ಕೋ."

ಮಿಕ್ಕಿದ್ದನ್ನು ಕೇಳುವ ಆಸೆ ಇನ್ನೂ ಹೋಗಿರಲಿಲ್ಲ. ಆದರೂ ಆಡಿದ ಮಾತು ನಿಜ.

ಆಕೆ ಅವನ ಮುಖ ನೋಡಿದಳು, ಕೈಯ ಸುತ್ತಿಗೆ ನೋಡಿದಳು, ಮತ್ತೆ ಮುಖ ನೋಡಿದಳು. ನಂಬಲಿಲ್ಲ. ಎರಡು ವರ್ಷ, ಪ್ರತಿ ಭಾನುವಾರ, ತಾನು ಆಕೆಯನ್ನು ನೋಡುತ್ತಿದ್ದುದೂ ಹೀಗೆಯೇ ಎಂದು ಬಡಗಿಗೆ ಆಗ ತಿಳಿಯಿತು.